ಮಂತ್ರಿಗೆ ನೆಗಡಿ ಹಚ್ಚಿದವರು

"ಮನೇಲಿ ಮೊದಲು ಮೂಗು ಸೋರಿದ್ದು ಯಾರಿಗೆ?" ಎಂದು ಪ್ರಾಣಿಗಳ ಡಾಕ್ಟರು ಕೇಳಿದರು.

ಅಪ್ಪ ಪೀಪಿಯ ಕಡೆ ನೋಡಿದ. ಅಮ್ಮನೂ ಪೀಪಿಯ ಕಡೆ ನೋಡಿದಳು. ಮೇಜಿನ ಮೇಲೆ ಟವೆಲಿನೊಳಗೆ ಮುದುಡಿಕೊಂಡಿದ್ದ ಮಂತ್ರಿ ಮಾತ್ರ ಯಾರ ಕಡೆಗೂ ನೋಡಲಿಲ್ಲ. ಪಾಪ, ಅವನಿಗೆ ಕಣ್ಣು ಬಿಡುವುದಕ್ಕೂ ತ್ರಾಣವಿರಲಿಲ್ಲ.

"ಇವಳಿಗೇ ಡಾಕ್ಟ್ರೇ," ಎಂದ ಅಪ್ಪ. "ಹೋದ ವಾರ ಪೂರ್ತಿ ಮೂಗಲ್ಲಿ ನಲ್ಲಿ ಬಿಟ್ಕೊಂಡು ಓಡಾಡ್ತಿದ್ಲು."

"ನಲ್ಲಿ ಏನಲ್ಲ. ಸ್ವಲ್ಪ ನೆಗಡಿ ಅಷ್ಟೆ," ಎಂದಳು ಪೀಪಿ.

"ಆಗ ಮಂತ್ರಿನ ಎತ್ಕೊಂಡಿದ್ಯಾ?" ಎಂದರು ಡಾಕ್ಟರು.

"ಎತ್ಕೊಳ್ಳೋದೇನು ಬಂತು!" ಅಮ್ಮ ನಡುವೆ ಬಾಯಿ ಹಾಕಿದಳು. "ಇಬ್ಬರಿಗೂ ಒಂದೇ ದಿಂಬು. ಬೇಡ ಕಣೇ ಅಂತ ದಿನಾ ಬಡ್ಕೋತೀನಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

ಡಾಕ್ಟರು ತಲೆಯಾಡಿಸಿದರು. ಮನುಷ್ಯರ ಫ್ಲೂ ಫೆರೆಟ್‌ಗಳಿಗೆ ಬಹಳ ಸುಲಭವಾಗಿ ಹತ್ತುತ್ತದಂತೆ. ಮನೆಯಲ್ಲಿ ಒಬ್ಬರು ಸೀನಿದರೂ ಸಾಕಂತೆ. ಹೀಗೆ ಹೇಳುತ್ತ ಅವರು ಮಂತ್ರಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಆಮೇಲೆ ಸುಮ್ಮನೆ ಕೇಳುವವರ ಹಾಗೆ ಇನ್ನೊಂದು ಪ್ರಶ್ನೆ ಕೇಳಿದರು.

"ಹಕ್ಕಿಗಳ ಹತ್ರ ಏನಾದ್ರೂ ಹೋಗಿದ್ನಾ? ಕೋಳಿ, ಬಾತು, ಸತ್ತ ಕಾಗೆ? ಹಕ್ಕಿ ಜ್ವರದ ಸುದ್ದಿ ಬೇರೆ ಇದೆ. ಫೆರೆಟ್‌ಗಳಿಗೆ ಅದೂ ಬರುತ್ತೆ. ಬಂದ್ರೆ ಕಷ್ಟ."

ಪೀಪಿ ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆಯ ಮೇಲಿದ್ದ ನಾಯಿಮರಿಯ ಚಿತ್ರ ನೋಡಿದ.

"ಹಕ್ಕಿಯಾ?" ಎಂದು ನಕ್ಕ ಅಪ್ಪ. "ನಮ್ಮನೇಲಿ ಹಕ್ಕಿ ಇರೋದು ಕ್ಯಾಲೆಂಡರ್‌ನಲ್ಲಿ ಮಾತ್ರ ಡಾಕ್ಟ್ರೇ."

ಡಾಕ್ಟರೂ ನಕ್ಕರು. ಅಮ್ಮನೂ ನಕ್ಕಳು. ಪೀಪಿಗೆ ಮಾತ್ರ ನಗು ಬರಲಿಲ್ಲ. ಅವಳ ಅಪ್ಪ ಸುಳ್ಳು ಹೇಳುವವನಲ್ಲ. ದೊಡ್ಡವರು ಯಾರೂ ಸುಳ್ಳು ಹೇಳುವುದಿಲ್ಲ. ಮಕ್ಕಳು ಹೇಳಿದರೆ ಅದು ಸುಳ್ಳು, ದೊಡ್ಡವರು ಹೇಳಿದರೆ ಅದು ಸಮಯ ಸಂದರ್ಭ ನೋಡಿ ಆಡಿದ ಮಾತು.

ಇಷ್ಟಕ್ಕೂ ಮಂತ್ರಿ ಯಾರು ಎಂದು ಹೇಳಬೇಕು. ಮುಂಗುಸಿಯೊಂದನ್ನು ತಲೆ ಬಾಲ ಹಿಡಿದು ಎಳೆದು ಉದ್ದ ಮಾಡಿ, ಮುಖಕ್ಕೆ ಕಳ್ಳರ ಕಪ್ಪು ಪಟ್ಟಿ ಕಟ್ಟಿದರೆ ಹೇಗಿರುತ್ತದೋ ಫೆರೆಟ್ ಹಾಗಿರುತ್ತದೆ. ದಿನದ ಮುಕ್ಕಾಲು ಪಾಲು ನಿದ್ದೆ. ಉಳಿದ ಹೊತ್ತಿನಲ್ಲಿ ಕಾಲುಚೀಲ, ಚಮಚ, ಟಿವಿ ರಿಮೋಟು ಹೀಗೆ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋಗಿ ಸೋಫಾದ ಕೆಳಗೆ ಬಚ್ಚಿಡುವುದು. "ತೂಕಡಿಸೋದು, ನುಂಗೋದು ಎರಡೇ ಗೊತ್ತಿರೋನಿಗೆ ಇನ್ನೇನು ಹೆಸರಿಡೋಣ?" ಎಂದು ಅಪ್ಪ ಅವನನ್ನು ಮಂತ್ರಿ ಎಂದು ಕರೆದಿದ್ದ.

ಆದರೆ ಈ ಮಂತ್ರಿ ಕೆಲಸವನ್ನೂ ಮಾಡುತ್ತಿದ್ದ. ಅಪ್ಪನದು ವೈರು ಎಳೆಯುವ ಕೆಲಸ. ಯಾರದೋ ಮನೆಗೆ ಇಂಟರ್ನೆಟ್, ಯಾರದೋ ಅಂಗಡಿಗೆ ಕ್ಯಾಮೆರಾ. ನೆಲದೊಳಗೆ ಹೂತ ಹಳೇ ಪೈಪುಗಳಲ್ಲಿ ಅಪ್ಪನ ಸ್ಟೀಲ್ ತಂತಿ ತಿರುವಿನಲ್ಲಿ ಸಿಕ್ಕಿಕೊಂಡು ಮುಷ್ಕರ ಹೂಡುತ್ತಿತ್ತು. ಆಗ ಅಪ್ಪ ಮಂತ್ರಿಯ ಹೆಗಲಿಗೆ ಬೆಲ್ಟು ಹಾಕಿ, ಅದಕ್ಕೆ ತೆಳ್ಳನೆಯ ದಾರ ಕಟ್ಟಿ, ಪೈಪಿನೊಳಗೆ ಬಿಡುತ್ತಿದ್ದ. ಪೈಪಿನ ಇನ್ನೊಂದು ತುದಿಯಲ್ಲಿ ಮಗಳು ಕೂತು, "ಮಂತ್ರೀ... ಬಾರೋ ಮಂತ್ರೀ..." ಎಂದು ಪೀಪಿ ಊದಿದಂಥ ದನಿಯಲ್ಲಿ ಕರೆಯುತ್ತಿದ್ದಳು. ಅವಳಿಗೆ ಪೀಪಿ ಎಂದು ಹೆಸರು ಬಂದದ್ದು ಹಾಗೆ. ಮಂತ್ರಿ ದಾರ ಎಳೆದುಕೊಂಡು ಹೊರಗೆ ಬರುತ್ತಿದ್ದ. ದಾರದ ಬೆನ್ನಿಗೆ ವೈರು ಬರುತ್ತಿತ್ತು. ಅಪ್ಪ ಎಲ್ಲರ ಹತ್ತಿರವೂ, "ನಾವು ಮೂವರೂ ಪಾರ್ಟ್ನರ್ಸ್," ಎಂದು ಹೇಳಿಕೊಳ್ಳುತ್ತಿದ್ದ.

ಹೋದ ಭಾನುವಾರವೂ ಈ ಮೂವರು ಪಾರ್ಟ್ನರ್‌ಗಳು ಕೆಲಸಕ್ಕೆ ಹೋಗಿದ್ದರು. ಎಲ್ಲಿಗೆ ಎಂಬುದೇ ತೊಡಕು.

ಅಮ್ಮನ ಅಣ್ಣ, ಅಂದರೆ ಪೀಪಿಯ ಮಾವ, ಊರಾಚೆ ಕೆರೆಯ ಪಕ್ಕದಲ್ಲಿ ಬಾತುಕೋಳಿ ಸಾಕಿದ್ದ. ಶೆಡ್ಡಿನಲ್ಲಿ ಮೊಟ್ಟೆಗಳು ಕಾಣೆಯಾಗುತ್ತಿವೆ ಎಂದು ಮಾವನಿಗೆ ಅನುಮಾನ. ಕ್ಯಾಮೆರಾ ಹಾಕಬೇಕಿತ್ತು. ಅಮ್ಮ ಮೊದಲೇ ತಾಕೀತು ಮಾಡಿದ್ದಳು. "ನೋಡಿ, ನಮ್ಮಣ್ಣನ ಬಾತುಗಳಿರೋ ಕಡೆ ಈ ಕಳ್ಳನ್ನ ಕರ್ಕೊಂಡು ಹೋಗ್ಬೇಡಿ. ಆಮೇಲೆ ನನ್ನ ಮಾನ ಹೋಗುತ್ತೆ."

"ಛೇ ಛೇ, ಬರೀ ಸ್ಟೀಲ್ ತಂತಿ ತಗೊಂಡು ಹೋಗ್ತೀನಿ," ಎಂದು ಅಪ್ಪ ಮಾತು ಕೊಟ್ಟಿದ್ದ. ಸ್ಟೀಲ್ ತಂತಿಯನ್ನು ಕೈಯಲ್ಲಿ ಎತ್ತಿ ತೋರಿಸಿಯೂ ಇದ್ದ. ಮಂತ್ರಿ ಆಗಲೇ ಟೂಲ್ ಬ್ಯಾಗಿನೊಳಗೆ ಗೊರಕೆ ಹೊಡೆಯುತ್ತಿದ್ದ.

ಮಾವನ ಅಂಗಳದಲ್ಲಿ ಶೆಡ್ಡಿನಿಂದ ಮನೆಯವರೆಗೆ ಹೂತಿದ್ದ ಪೈಪಿನಲ್ಲಿ ಸ್ಟೀಲ್ ತಂತಿ ಎರಡನೇ ತಿರುವಿಗೇ ನಿಂತಿತು. ಮಂತ್ರಿ ಒಳಗೆ ಹೋದ. ಎಷ್ಟು ಕರೆದರೂ ಬರಲಿಲ್ಲ. ಆ ಪೈಪು ನಡುವೆ ಒಂದು ಸಣ್ಣ ಗುಂಡಿಯಲ್ಲಿ ಬಾಯಿ ತೆರೆದುಕೊಂಡಿತ್ತು. ಗುಂಡಿಗೆ ಮುಚ್ಚಳ ಇರಲಿಲ್ಲ. ದಾರ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಲು ಪೀಪಿ ಶೆಡ್ಡಿನ ಹಿಂದಕ್ಕೆ ಹೋದಳು.

ಗುಂಡಿಯ ಪಕ್ಕದಲ್ಲಿ ಒಂದು ಬಾತು ಸತ್ತು ಬಿದ್ದಿತ್ತು. ಮಂತ್ರಿ ಅದರ ಕುತ್ತಿಗೆಗೆ ಬಾಯಿ ಹಾಕಿದ್ದ. ಗೋಡೆಗೆ ಒರಗಿಸಿದ್ದ ಗೋಣಿಚೀಲವೊಂದರಿಂದ ಕಿತ್ತಳೆ ಬಣ್ಣದ ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಅವು ಯಾವುವೂ ಅಲುಗಾಡುತ್ತಿರಲಿಲ್ಲ.

"ಸೆಕೆ ಪುಟ್ಟಿ, ಸೆಕೆ," ಎಂದು ಹಿಂದಿನಿಂದ ಮಾವನ ದನಿ ಕೇಳಿಸಿತು. "ಬಿಸಿಲಿಗೆ ಬಾತುಗಳು ತಡ್ಕೊಳ್ಳಲ್ಲ. ಯಾರ ಹತ್ರಾನೂ ಹೇಳ್ಬೇಡ, ಆಯ್ತಾ? ಜನ ಸುಮ್ನೆ ಇಲ್ಲದ್ದೆಲ್ಲ ಹಬ್ಬಿಸ್ತಾರೆ."

ಅಪ್ಪನೂ ಬಂದು ನೋಡಿದ. ಮಂತ್ರಿ ಅಷ್ಟರಲ್ಲಿ ಪೈಪಿನಲ್ಲಿ ನುಸುಳಿ, ದಾರ ಎಳೆದುಕೊಂಡು ಮನೆಯ ಕಡೆಯ ತುದಿಗೆ ಹೋಗಿ ಕೂತಿದ್ದ. ಬಾಯಲ್ಲಿ ಒಂದು ಬಿಳಿ ಗರಿ ಇತ್ತು. "ನೋಡಿದ್ರಾ ಭಾವ, ಲಂಚ ತಗೊಂಡೇ ಕೆಲಸ ಮುಗಿಸಿದಾನೆ," ಎಂದು ಅಪ್ಪ ನಕ್ಕ. ಮಾವನೂ ನಕ್ಕ. ಮನೆಗೆ ಬರುವಾಗ ವ್ಯಾನಿನಲ್ಲಿ ಅಪ್ಪ, "ಅಮ್ಮನಿಗೆ ಹೇಳ್ಬೇಡ. ನೀನು ನನ್ನ ಪಾರ್ಟ್ನರ್ ಅಲ್ವಾ?" ಎಂದ. ಪೀಪಿ ಹೆಮ್ಮೆಯಿಂದ ತಲೆಯಾಡಿಸಿದಳು. ಮಂತ್ರಿ ಗರಿಯನ್ನು ತಬ್ಬಿಕೊಂಡು ಮಲಗಿದ್ದ.

ಈಗ ಅದೇ ಮಂತ್ರಿ ಡಾಕ್ಟರ ಮೇಜಿನ ಮೇಲೆ ಮಲಗಿದ್ದ.

ಡಾಕ್ಟರು ಔಷಧಿ ಕೊಟ್ಟು, "ನೆಗಡಿ ಇದ್ದವರು ದೂರ ಇರಿ," ಎಂದರು. ಅಂದಿನಿಂದ ಮನೆಯಲ್ಲಿ ಮಂತ್ರಿ ರೋಗಿಯಾದ, ಪೀಪಿ ಅಪರಾಧಿಯಾದಳು.

ಅವಳ ಮೂಗು ಸೋರುವುದು ನಿಂತು ಆಗಲೇ ಕೆಲವು ದಿನವಾಗಿತ್ತು. ಆದರೂ ಅಮ್ಮ ಅವಳಿಗೆ ಮಾಸ್ಕ್ ಕಟ್ಟಿದಳು. ಮಂತ್ರಿಯ ಪಂಜರ ಇದ್ದ ಕೋಣೆಗೆ ಕಾಲಿಡಬಾರದು ಎಂದಳು. ಫೋನಿನಲ್ಲಿ ಯಾರು ಸಿಕ್ಕಿದರೂ, "ನಮ್ಮ ಮಗಳು ಮಂತ್ರಿಗೆ ಫ್ಲೂ ಹಚ್ಚಿಬಿಟ್ಟಿದಾಳೆ," ಎಂದು ಸುದ್ದಿ ಓದಿದಳು. ಸ್ಕೂಲಿನಲ್ಲಿ ಬೆಂಚಿನ ಗೆಳತಿ ಚೀಲ ಎತ್ತಿಕೊಂಡು ಅತ್ತ ಸರಿದು ಕೂತಳು. "ನಾನು ಫೆರೆಟ್ ಅಲ್ಲ, ನಿಜ. ಆದ್ರೂ ರಿಸ್ಕ್ ಬೇಡಪ್ಪ," ಎಂದಳು.

ಮನೆಯಲ್ಲಿ ಅಪ್ಪ ಒಬ್ಬನೇ ಅವಳಿಗೆ ಬೈಯಲಿಲ್ಲ. ಬೈಯುವುದಿರಲಿ, ಸಂಜೆ ಬರುವಾಗ ಚಾಕೊಲೇಟ್ ತಂದುಕೊಟ್ಟ. ಮರುದಿನವೂ ತಂದ. ಹೋಮ್‌ವರ್ಕ್ ಆಯ್ತಾ ಎಂದು ಕೂಡ ಕೇಳಲಿಲ್ಲ. ತಪ್ಪು ಮಾಡಿದವರಿಗೆ ಚಾಕೊಲೇಟ್ ಕೊಡುವ ಪದ್ಧತಿ ಆ ಮನೆಯಲ್ಲಿ ಅದುವರೆಗೆ ಇರಲಿಲ್ಲ. ಪೀಪಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಚಾಕೊಲೇಟನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟಳು. ಅದು ಕರಗಿ ಸ್ಕೇಲಿಗೆ ಅಂಟಿಕೊಂಡಿತು.

ನಿಜ ಹೇಳಬೇಕೆಂದರೆ, ತಪ್ಪು ತನ್ನದೇ ಆಗಿರಲಿ ಎಂದು ಪೀಪಿಯೂ ಬೇಡಿಕೊಳ್ಳುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಹೀಗೆ ಬೇಡಿಕೊಂಡದ್ದು ಇದೇ ಮೊದಲು. ಸಾಮಾನ್ಯವಾಗಿ ಅವಳು "ನಾನಲ್ಲ" ಎಂಬ ಮಾತನ್ನು ಪ್ರಶ್ನೆಗಿಂತ ಮೊದಲೇ ಹೇಳಿ ಮುಗಿಸುವವಳು. ಆದರೆ ಈಗ ಲೆಕ್ಕ ಬೇರೆ. ಮಂತ್ರಿಗೆ ಬಂದಿರುವುದು ತನ್ನ ನೆಗಡಿಯಾದರೆ, ತನಗೆ ವಾಸಿಯಾದ ಹಾಗೆ ಅವನಿಗೂ ವಾಸಿಯಾಗುತ್ತದೆ. ಒಂದು ವಾರ ಸೀನುತ್ತಾನೆ, ಆಮೇಲೆ ಎದ್ದು ರಿಮೋಟು ಕದಿಯುತ್ತಾನೆ. ಅಷ್ಟಾದರೆ ಸಾಕು. ಲೋಕವೆಲ್ಲ ಬೈದರೂ ಪರವಾಗಿಲ್ಲ.

ಅವಳು ಬಾಗಿಲ ಸಂದಿಯಿಂದ ಮಂತ್ರಿಯನ್ನು ನೋಡುತ್ತಿದ್ದಳು. ಹೀಗಿರುವಾಗ ಒಂದು ಸಂಜೆ ಮಂತ್ರಿ ನೀರಿನ ಬಟ್ಟಲಿನ ಕಡೆ ಹೋಗಲು ಎದ್ದ. ಮುಂಗಾಲು ಮುಂದೆ ಹೋಯಿತು. ಹಿಂಗಾಲು ಬರಲಿಲ್ಲ. ಅವನು ಹಿಂಗಾಲುಗಳನ್ನು ನೆಲದ ಮೇಲೆ ಎಳೆದುಕೊಂಡು ಒಂದೆರಡು ಹೆಜ್ಜೆ ಹೋಗಿ, ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ಅಲ್ಲೇ ಕುಸಿದ.

ಪೀಪಿ ತನ್ನ ಎರಡು ಕಾಲುಗಳನ್ನೂ ನೋಡಿಕೊಂಡಳು. ನೆಗಡಿಯಾದಾಗ ಅವು ಚೆನ್ನಾಗಿಯೇ ಓಡಾಡಿದ್ದವು.

ಅಪ್ಪ ಹೊರಗೆ ವ್ಯಾನಿನಲ್ಲಿ ವೈರಿನ ಸುರುಳಿಗಳನ್ನು ಜೋಡಿಸುತ್ತಿದ್ದ. ಪೀಪಿ ಓಡಿಹೋಗಿ ನಿಂತಳು.

"ಅಪ್ಪ, ಅವನ ಕಾಲು ಎಳೀತಿದೆ."

"ಸುಸ್ತು ಮಗಳೇ. ಜ್ವರ ಬಂದ್ರೆ ಹಾಗೇ."

"ನನ್ನ ಕಾಲು ಎಳೀಲಿಲ್ವಲ್ಲ?"

"ಅವನು ಚಿಕ್ಕೋನು. ಅವನಿಗೆ ಜಾಸ್ತಿ ತಾಗುತ್ತೆ."

"ಅಪ್ಪ, ಆ ಬಾತು..."

"ಶ್!" ಅಪ್ಪ ಮನೆಯ ಕಡೆ ತಿರುಗಿ ನೋಡಿದ. "ಅದು ಸೆಕೆಗೆ ಸತ್ತಿದ್ದು ಅಂತ ಮಾವ ಹೇಳ್ಲಿಲ್ವಾ? ಸುಮ್ನೆ ಏನೇನೋ ಬಾಯಿಗೆ ಬಂದ ಹಾಗೆ ಮಾತಾಡಿದ್ರೆ ಮಾವನ ಗತಿ ಏನು? ಒಂದೇ ಒಂದು ಬಾತಿಗೆ ರೋಗ ಅಂದ್ರೂ ಶೆಡ್‌ಗೆ ಶೆಡ್ಡೇ ಖಾಲಿ ಮಾಡಿಸ್ತಾರೆ. ಇದು ದೊಡ್ಡೋರ ವಿಷಯ. ನೀನು ತಲೆ ಹಾಕ್ಬೇಡ."

ಮೂರು ಜನ ಪಾರ್ಟ್ನರ್‌ಗಳಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಚಿಕ್ಕವಳಾಗಿಬಿಟ್ಟಳು. ಪೈಪಿನ ತುದಿಯಲ್ಲಿ ಮಣ್ಣಲ್ಲಿ ಕೂರುವಾಗ ಅವಳು ಎಷ್ಟು ದೊಡ್ಡವಳಾಗಿದ್ದಳು!

ಅಷ್ಟರಲ್ಲಿ ಅಪ್ಪನ ಫೋನು ಹೊಡೆದುಕೊಂಡಿತು. ಮಾವ. ಅಪ್ಪನ ಕೈತುಂಬ ವೈರು ಇದ್ದದ್ದರಿಂದ ಸ್ಪೀಕರ್ ಒತ್ತಿದ. ಮಾವ ಮಾತಾಡುವ ಮೊದಲು ಕೆಮ್ಮಿದ. ಕೆಮ್ಮು ನಿಲ್ಲಲೇ ಇಲ್ಲ.

"ಇವತ್ತು ಇನ್ನೂ ಜಾಸ್ತಿ ಹೋದ್ವು ಭಾವ," ಎಂದಿತು ಮಾವನ ಒಡಕು ದನಿ. "ಎತ್ತಿ ಎತ್ತಿ ಸಾಕಾಯ್ತು. ನನಗೂ ಮೈಯೆಲ್ಲ ಕೆಂಡ. ಉಸಿರು ಹಿಡಿದ ಹಾಗೆ ಆಗ್ತಿದೆ."

"ಒಂದು ಮಾತ್ರೆ ತಗೊಂಡು ಮಲಗಿ ಭಾವ. ಸೆಕೆ ಅಲ್ವಾ," ಎಂದ ಅಪ್ಪ. ಆದರೆ ಹಾಗೆ ಹೇಳುವಾಗ ಅವನ ಕೈಯ ವೈರು ಕೆಳಗೆ ಜಾರಿತು. ಅದನ್ನು ಅವನು ಎತ್ತಿಕೊಳ್ಳಲಿಲ್ಲ.

ಆ ದಿನ ಮೋಡ ಮುಚ್ಚಿತ್ತು. ತಣ್ಣನೆ ಗಾಳಿ ಬೀಸುತ್ತಿತ್ತು. ಅಮ್ಮ ಸ್ವೆಟರ್ ಹುಡುಕಿ ತೆಗೆದಿದ್ದಳು. ಸೆಕೆ ಎಲ್ಲಿದೆ ಎಂದು ಕೇಳಬಹುದಿತ್ತು. ಪೀಪಿ ಕೇಳಲಿಲ್ಲ. ಅವಳಿಗೆ ಭಯವಾಗಿತ್ತು.

ಮರುದಿನ ಬೆಳಗ್ಗೆ ಮತ್ತೆ ಡಾಕ್ಟರ ಹತ್ತಿರ ಹೋದರು. ಅಮ್ಮ ಮಂತ್ರಿಯನ್ನು ಪೆಟ್ಟಿಗೆಯಲ್ಲಿ ಮಡಿಲ ಮೇಲಿಟ್ಟುಕೊಂಡಿದ್ದಳು.

ಡಾಕ್ಟರು ಮಂತ್ರಿಯ ಹಿಂಗಾಲು ಚಿವುಟಿ ನೋಡಿದರು. ಕಾಲು ಅಲುಗಲಿಲ್ಲ. ಅವರು ಹುಬ್ಬು ಗಂಟಿಕ್ಕಿದರು.

"ಇದು ಬರೀ ಫ್ಲೂ ಥರ ಕಾಣ್ತಿಲ್ಲ. ಇನ್ನೊಂದು ಸಲ ಯೋಚನೆ ಮಾಡಿ. ಹೊರಗೆಲ್ಲಾದ್ರೂ ಏನಾದ್ರೂ ತಿಂದ್ನಾ? ಎಲ್ಲಿಗಾದ್ರೂ ಹೋಗಿದ್ನಾ?"

"ಎಲ್ಲೂ ಇಲ್ಲ ಡಾಕ್ಟ್ರೇ," ಎಂದ ಅಪ್ಪ. ಈ ಸಲ ಅವನು ನಗಲಿಲ್ಲ. "ಇವಳ ನೆಗಡೀನೇ ಜೋರಾಗಿತ್ತು ಅನ್ಸುತ್ತೆ."

ಅಮ್ಮ ಪೀಪಿಯ ಕಡೆ ತಿರುಗಿ, "ನೋಡು, ನೋಡು ಹೇಗೆ ಬಿದ್ಕೊಂಡಿದಾನೆ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಪೀಪಿ ಮಂತ್ರಿಯನ್ನು ನೋಡಿದಳು. ಅವನ ಮೂಗಿನ ತುದಿ ಒಣಗಿತ್ತು. ಹೊಟ್ಟೆ ಮಾತ್ರ ಬೇಗ ಬೇಗ ಏರಿಳಿಯುತ್ತಿತ್ತು. ಅವಳಿಗೆ ಮಾವನ ಕೆಮ್ಮು ನೆನಪಾಯಿತು. ಅಮ್ಮನ ಮಡಿಲಲ್ಲಿದ್ದ ಪೆಟ್ಟಿಗೆ ನೆನಪಾಯಿತು.

"ನನ್ನ ನೆಗಡಿ ಅಲ್ಲ," ಎಂದಳು.

"ಪೀಪಿ," ಎಂದ ಅಪ್ಪ ಮೆಲ್ಲಗೆ.

"ನನ್ನ ನೆಗಡಿ ಅಲ್ಲ ಡಾಕ್ಟ್ರೇ. ಅವನು ಬಾತು ತಿಂದಿದಾನೆ. ಸತ್ತಿರೋ ಬಾತು. ಮಾವನ ಫಾರಂನಲ್ಲಿ. ಅಲ್ಲಿ ಇನ್ನೂ ತುಂಬ ಸತ್ತಿದ್ವು. ಚೀಲದಲ್ಲಿ ಹಾಕಿದ್ರು. ನಿನ್ನೇನೂ ಸತ್ತಿವೆ. ಮಾವನಿಗೂ ಜ್ವರ ಬಂದಿದೆ. ಉಸಿರಾಡಕ್ಕೆ ಆಗ್ತಿಲ್ವಂತೆ." ಅವಳ ದನಿ ಎಷ್ಟು ತೆಳ್ಳಗಾಗಿತ್ತೆಂದರೆ, ಹೊರಗೆ ಸರದಿಗೆ ಕಾಯುತ್ತಿದ್ದ ನಾಯಿಯೊಂದು ಬೊಗಳಿತು.

ಡಾಕ್ಟರ ಕೈ ನಿಂತಿತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಗ್ಲೌಸ್ ಬಿಚ್ಚಿ ಎಸೆದು, ಬೇರೆ ಗ್ಲೌಸ್ ಹಾಕಿಕೊಂಡರು. ದಪ್ಪನೆಯ ಮಾಸ್ಕ್ ತೆಗೆದುಕೊಂಡರು. ಎಲ್ಲರಿಗೂ ಒಂದೊಂದು ಕೊಟ್ಟರು.

"ರೀ," ಎಂದಳು ಅಮ್ಮ. "ನಮ್ಮಣ್ಣನ ಮನೆಗೆ ಮಂತ್ರಿನ ಕರ್ಕೊಂಡು ಹೋಗಿದ್ರಾ?"

ಅಪ್ಪ ನಾಯಿಮರಿಯ ಚಿತ್ರ ನೋಡಿದ. ಚಿತ್ರದ ನಾಯಿಮರಿ ಅವನ ನೆರವಿಗೆ ಬರಲಿಲ್ಲ.

"ಹೂಂ," ಎಂದ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಡಾಕ್ಟರು ಮಂತ್ರಿಯ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದರು. ಯಾರಿಗೋ ಫೋನು ಮಾಡಿದರು. ಅವರು ಇನ್ಯಾರಿಗೋ ಮಾಡಿದರು. ಮಾವನನ್ನು ಅಂದೇ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ತಲೆಯಿಂದ ಕಾಲವರೆಗೆ ಬಿಳಿ ಬಟ್ಟೆ ಹಾಕಿಕೊಂಡವರು ಫಾರಂಗೆ ಹೋದರು. ಶೆಡ್ಡು ಖಾಲಿಯಾಯಿತು. ಒಂದು ಬಾತೂ ಉಳಿಯಲಿಲ್ಲ.

ಪೀಪಿಯ ಮನೆಗೂ ಬಿಳಿ ಬಟ್ಟೆಯವರು ಬಂದರು. ವ್ಯಾನು, ಟೂಲ್ ಬ್ಯಾಗು, ಸೋಫಾದ ಕೆಳಗೆ ಎಲ್ಲ ಔಷಧಿ ಹೊಡೆದರು. ಸೋಫಾದ ಕೆಳಗೆ ಅವರಿಗೆ ಚಮಚಗಳು, ಒಂದು ರಿಮೋಟು, ಅಮ್ಮ ಕಳೆದುಹೋಯಿತೆಂದು ಅತ್ತಿದ್ದ ಕಿವಿಯೋಲೆ ಮತ್ತು ಒಂದು ಬಿಳಿ ಗರಿ ಸಿಕ್ಕವು. ಗರಿಯನ್ನು ಚಿಮಟದಲ್ಲಿ ಹಿಡಿದು ಕವರಿನೊಳಗೆ ಹಾಕಿಕೊಂಡು ಹೋದರು. ಮೂವರಿಗೂ ಮಾತ್ರೆ ಕೊಟ್ಟು, ಮನೆಯಿಂದ ಹೊರಗೆ ಬರಬೇಡಿ, ಬೆಳಗ್ಗೆ ಸಂಜೆ ಜ್ವರ ನೋಡಿಕೊಳ್ಳಿ ಎಂದರು.

ಮನೆಯಲ್ಲಿ ಥರ್ಮಾಮೀಟರ್ ಒಂದೇ ಮಾತಾಡುತ್ತಿತ್ತು. ಅದು ಕೀ ಕೀ ಎಂದಾಗ ಅಮ್ಮ ನೋಡಿ ಕೆಳಗಿಡುತ್ತಿದ್ದಳು. ಅಪ್ಪನ ಜೊತೆ ಅವಳು ಮಾತು ಬಿಟ್ಟಿದ್ದಳು. ಅಮ್ಮ ಬೈದರೆ ಮನೆ ನಡುಗುತ್ತದೆ ಎಂದು ಅಪ್ಪ ಹಿಂದೆ ತಮಾಷೆ ಮಾಡುತ್ತಿದ್ದ. ಬೈಯದಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಈಗ ಗೊತ್ತಾಯಿತು.

ಮಂತ್ರಿ ಡಾಕ್ಟರ ಹತ್ತಿರವೇ ಇದ್ದ. ಬೇರೆ ಪ್ರಾಣಿಗಳಿಲ್ಲದ ಒಂದು ಕೋಣೆಯಲ್ಲಿ ಅವನನ್ನು ಇಟ್ಟಿದ್ದರು. ಡಾಕ್ಟರು ವಿಡಿಯೋ ಕಾಲ್ ಮಾಡಿ ತೋರಿಸಿದರು. ಪೀಪಿ, "ಮಂತ್ರೀ... ಬಾರೋ ಮಂತ್ರೀ..." ಎಂದು ಕರೆದಳು. ಮಂತ್ರಿಯ ಕಿವಿ ಒಂದು ಸಲ ಅಲುಗಿತು. ಎಲ್ಲಿಂದ ಕರೆಯುತ್ತಿದ್ದಾಳೆ ಎಂದು ಅವನು ಹುಡುಕಿದ ಹಾಗೆ ಕಂಡಿತು. ಆದರೆ ಎದ್ದು ಬರಲಾಗಲಿಲ್ಲ.

ಮರುದಿನ ಮಧ್ಯಾಹ್ನ ಮಂತ್ರಿ ಸತ್ತ. ಲ್ಯಾಬಿನ ರಿಪೋರ್ಟ್ ಅವನು ಸತ್ತ ಮೇಲೆ ಬಂತು. ಹಕ್ಕಿ ಜ್ವರ.

ಅವನನ್ನು ಮನೆಗೆ ಕೊಡಲಿಲ್ಲ. ಹಾಗೆ ಕೊಡುವಂತಿಲ್ಲವಂತೆ. ಪೀಪಿ ಅವನ ಬೆಲ್ಟನ್ನಾದರೂ ಇಟ್ಟುಕೊಳ್ಳೋಣವೆಂದು ಹುಡುಕಿದಳು. ಅದನ್ನೂ ಬಿಳಿ ಬಟ್ಟೆಯವರು ತೆಗೆದುಕೊಂಡು ಹೋಗಿದ್ದರು. ಅವಳು ಸೋಫಾದ ಕೆಳಗೆ ತೂರಿಕೊಂಡು, ಅಲ್ಲೇ ಮಲಗಿ, ಹೊಟ್ಟೆ ನೋಯುವಷ್ಟು ಅತ್ತಳು. ಅಮ್ಮ ಬಂದು ನೆಲದ ಮೇಲೆ ಕೂತು, ಸೋಫಾದ ಕೆಳಗೆ ಕೈ ಚಾಚಿ ಅವಳ ಪಾದ ಹಿಡಿದುಕೊಂಡಳು.

ಸ್ವಲ್ಪ ದಿನದ ಮೇಲೆ ಡಾಕ್ಟರು ಫೋನು ಮಾಡಿದಾಗ ಪೀಪಿ ಕೇಳಿದಳು. "ನಾನು ಮೊದಲನೇ ದಿನಾನೇ ಹೇಳಿದ್ರೆ ಅವನು ಬದುಕ್ತಿದ್ನಾ?"

"ಗೊತ್ತಿಲ್ಲ ಮರಿ," ಎಂದರು ಡಾಕ್ಟರು. "ಈ ಜ್ವರ ಬಂದ ಫೆರೆಟ್ ಉಳಿಯೋದು ಬಹಳ ಕಷ್ಟ. ನಾನು ಏನು ಮಾಡಿದ್ರೂ ಉಳೀತಿರ್ಲಿಲ್ವೇನೋ."

"ಮತ್ತೆ ನನ್ನ ನೆಗಡಿ?"

"ನಿನ್ನ ನೆಗಡಿ ಪಾಪ, ಬರೀ ನೆಗಡಿ."

ಪೀಪಿ ಫೋನಿಟ್ಟಳು. ನೆಗಡಿ ಬಿಡುಗಡೆಯಾಗಿತ್ತು. ಆದರೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅವಳಿಗೆ ಫ್ಲೂ ಪಟ್ಟ ಕಟ್ಟಿದ ಸುದ್ದಿಯನ್ನು ಊರಿಗೆಲ್ಲ ಫೋನು ಮಾಡಿ ಹೇಳಿದ್ದರಲ್ಲ, ಅದನ್ನು ವಾಪಸ್ ತೆಗೆದುಕೊಳ್ಳಲು ಯಾರೂ ಒಂದು ಫೋನೂ ಮಾಡಲಿಲ್ಲ. ನೀನು ಹೇಳಿದ್ದು ಒಳ್ಳೆಯದಾಯಿತು ಎಂದೂ ಹೇಳಲಿಲ್ಲ, ಯಾಕೆ ಹೇಳಿದೆ ಎಂದೂ ಕೇಳಲಿಲ್ಲ. ಅಪ್ಪ ಚಾಕೊಲೇಟ್ ತರುವುದನ್ನೂ ನಿಲ್ಲಿಸಿದ್ದ. ಅವಳ ಮುಖ ಕಂಡರೆ ಅವನಿಗೆ ಏನಾದರೂ ತುರ್ತು ಕೆಲಸ ನೆನಪಾಗುತ್ತಿತ್ತು.

ಮಾವ ಆಸ್ಪತ್ರೆಯಿಂದ ಮನೆಗೆ ಬಂದ. ಬಹಳ ದಿನ ಅವನೂ ಇವರ ಕಡೆ ಸುಳಿಯಲಿಲ್ಲ. ಹೊಸ ಮರಿಗಳನ್ನು ತರಬಹುದು ಎಂದು ಸರ್ಕಾರಿ ಡಾಕ್ಟರು ಒಪ್ಪಿಗೆ ಕೊಡುವ ಹೊತ್ತಿಗೆ ಪೀಪಿ ಮುಂದಿನ ಕ್ಲಾಸಿಗೆ ಹೋಗಿದ್ದಳು. ಶೆಡ್ಡು ತೊಳೆದವರು ಕ್ಯಾಮೆರಾದ ವೈರನ್ನೂ ಕಿತ್ತು ಹಾಕಿದ್ದರು. ಅದಕ್ಕಾಗಿ ಮಾವ ಕೊನೆಗೂ ಫೋನು ಮಾಡಿದ.

ಈ ಸಲ ಅಮ್ಮನೂ ಜೊತೆಗೆ ಹೊರಟಳು.

ಅಂಗ​ಳದಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಇನ್ನೂ ಇತ್ತು. ಮಾವ ಅರ್ಧಕ್ಕರ್ಧ ಇಳಿದುಹೋಗಿದ್ದ. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ನೇತಾಡುತ್ತಿತ್ತು. ಪೀಪಿ ಅಮ್ಮನ ಬೆನ್ನ ಹಿಂದೆ ಅಡಗಿಕೊಂಡಳು.

"ಬನ್ನಿ ಬನ್ನಿ," ಎಂದ ಮಾವ ಅವಳನ್ನು ನೋಡಿ. "ಆರೋಗ್ಯ ಇಲಾಖೆಯವರು ಬಂದ್ರು. ಎಲ್ಲ ಕ್ಲೀನ್ ಇದೆ, ಬೇಕಾದ್ರೆ ಚೆಕ್ ಮಾಡಿ ಮೇಡಂ."

ಪೀಪಿಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು. ಮಾವ ಹತ್ತಿರ ಬಂದು ಅವಳ ಜಡೆ ಹಿಡಿದು ಒಂದು ಸಲ ಎಳೆದ. ಜೋರಾಗಿಯೇನಲ್ಲ.

"ನನ್ನ ಬಾತು ಹೋದ್ವು," ಎಂದ. ಜಡೆ ಬಿಟ್ಟು, "ಇನ್ನೂ ತಡ ಮಾಡಿದ್ರೆ ನಾನೂ ಹೋಗ್ತಿದ್ದೆ ಅಂದ್ರು ಆಸ್ಪತ್ರೆಯವರು," ಎಂದ. ಆಮೇಲೆ ನೀರಿನ ಬಕೆಟ್ ಎತ್ತಿಕೊಂಡು ಮರಿಗಳ ಕಡೆ ನಡೆದ.

ಅಪ್ಪ ಶೆಡ್ಡಿನ ಬಾಗಿಲಲ್ಲಿ ಪೈಪಿನ ಬಾಯಿಗೆ ಹೊಸ ಸ್ಟೀಲ್ ತಂತಿ ತೂರಿಸುತ್ತ ಕೂತ. ಮನೆಯ ಕಡೆಯ ತುದಿಯಲ್ಲಿ ಪೀಪಿ ಕೂತಳು. ಅಭ್ಯಾಸದಂತೆ ಕರೆಯಲು ಬಗ್ಗಿದಳು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಸ್ಟೀಲ್ ತಂತಿ ಕರೆದರೆ ಬರುವುದಿಲ್ಲ.

ಪೈಪಿನೊಳಗೆ ತಂತಿ ಕೆರೆಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು.

"ಪೀಪಿ," ಎಂದಿತು ಪೈಪು.

"ಏನಪ್ಪ?"

ಪೈಪಿನೊಳಗಿಂದ ಮೆಲ್ಲಗೆ, ಪಿಸುಗುಡುವ ಹಾಗೆ, ಅಪ್ಪನ ಮಾತು ಬಂತು. "ಆವತ್ತು ಡಾಕ್ಟ್ರ ಹತ್ರ ನಿನ್ನ ನೆಗಡಿ ಅಂದ್ನಲ್ಲ... ಬಾತಿಂದು ಇರಬಹುದು ಅಂತ ನನಗೆ ಅನ್ನಿಸಿತ್ತು. ಅನ್ನಿಸಿದ್ರೂ ನಿನ್ನ ತಲೆಗೆ ಕಟ್ಟಿದೆ. ತಪ್ಪಾಯ್ತು ಮಗಳೇ."

ಪೀಪಿ ಪೈಪಿನ ಬಾಯನ್ನೇ ನೋಡುತ್ತ ಕೂತಳು. ಅಂಗಳದ ಆಚೆ ಅಮ್ಮ ಮಾವನಿಗೆ ಏನೋ ಹೇಳುತ್ತಿದ್ದಳು. ಅವರಿಬ್ಬರಿಗೆ ಏನೂ ಕೇಳಿಸಿರಲಿಲ್ಲ. ತನ್ನ ಮೇಲೆ ತಪ್ಪು ಹೊರಿಸಿದ್ದು ಮಾತ್ರ ಎಲ್ಲರಿಗೂ ಕೇಳಿಸಿತ್ತು.

ಅವಳು ಬಗ್ಗಿ, ಶಕ್ತಿಯೆಲ್ಲ ಹಾಕಿ ಕೂಗಿದಳು. "ಕೇಳಿಸ್ಲಿಲ್ಲ ಅಪ್ಪ! ಜೋರಾಗಿ ಹೇಳು!"

ಪೀಪಿ ಕಾದಳು.

ಶೆಡ್ಡಿನ ಬಾಗಿಲಲ್ಲಿ ಅಪ್ಪ ಎದ್ದು ನಿಂತ. ಮಂಡಿಯ ಮಣ್ಣು ಕೊಡವಿಕೊಂಡ. ಅವನ ಮುಖ ಕೆಂಪಾಗಿತ್ತು. ಅಂಗಳದ ಆ ತುದಿಯಿಂದ ಈ ತುದಿಗೆ ಕೇಳಿಸುವ ಹಾಗೆ ಕೂಗಿದ.

"ಮಂತ್ರಿನ ಇಲ್ಲಿಗೆ ತಂದೋನು ನಾನು! ಸುಳ್ಳು ಹೇಳಿದೋನೂ ನಾನೇ! ನನ್ನ ಮಗಳ ತಪ್ಪು ಏನೂ ಇರ್ಲಿಲ್ಲ!"

ಬಾತಿನ ಮರಿಗಳು ಬೆದರಿ ಮೂಲೆಗೆ ಓಡಿದವು. ಮಾವನ ಕೈಯಲ್ಲಿ ಬಕೆಟ್ ಹಾಗೇ ನಿಂತಿತು. ಅಮ್ಮ ತಿರುಗಿ ಅಪ್ಪನನ್ನು ನೋಡಿದಳು. ಆಮೇಲೆ ಪೀಪಿಯನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಈಗ ಕೇಳಿಸ್ತಾ?" ಎಂದ ಅಪ್ಪ.

"ಕೇಳಿಸ್ತು," ಎಂದಳು ಪೀಪಿ.

ಅಪ್ಪ ಮತ್ತೆ ಮಂಡಿಯೂರಿ ಕೂತ. ತಂತಿ ಕೆರೆಯುವ ಸದ್ದು ಮೊದಲಾಯಿತು. ಪೈಪಿನ ಒಂದು ಬಾಯಲ್ಲಿ ಉಸಿರು ಬಿಟ್ಟರೂ ಇನ್ನೊಂದು ಬಾಯಲ್ಲಿ ಕೇಳಿಸುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನೇ ಅಪ್ಪ. ಮೊದಲನೇ ಸಲವೇ ಅವಳಿಗೆ ಎಲ್ಲ ಕೇಳಿಸಿತ್ತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಂತು ಎರಡನೇ ಸಲ ಹೇಳಿದ್ದ.

ತಂತಿಯ ತುದಿ ಹೊರಗೆ ಬಂತು. ಪೀಪಿ ಅದಕ್ಕೆ ವೈರು ಬಿಗಿದಳು. ಗಂಟು ಜಾರುವುದಿಲ್ಲ ಎಂದು ಒಮ್ಮೆ ಜಗ್ಗಿ ನೋಡಿದಳು.

"ಎಳಿ ಅಪ್ಪ," ಎಂದು ಪೈಪಿನೊಳಗೆ ಪಿಸುಗುಟ್ಟಿದಳು.

ಅಪ್ಪ ಎಳೆದ.